ಕಾರಿಗೆ ಹೊಸ ವೈರ್ ಎಳೆಸುವ ಮುನ್ನ

ಸಂಜೆ ಹೊತ್ತು ಬೆಂಗಳೂರಿನ ಮಾರತ್ತಹಳ್ಳಿ ಸೇತುವೆಯ ಬಳಿ ಸಿಗ್ನಲ್‌ಗೆ ನಿಂತ ಹಳದಿ ಬೋರ್ಡಿನ ಕಾರುಗಳೊಳಗೆ ಇಣುಕಿದರೆ ಕಾರಿನ ಕಂಪನಿ ಕೊಡದ ನಾಲ್ಕೈದು ಸಾಧನಗಳಾದರೂ ಕಣ್ಣಿಗೆ ಬೀಳುತ್ತವೆ. ಹಿಂದಿನ ಸೀಟಿನ ಪಕ್ಕ ಕೆಂಪು ಪ್ಯಾನಿಕ್ ಬಟನ್, ಡ್ಯಾಶ್‌ಬೋರ್ಡಿನ ಒಳಗೆ ಜಿಪಿಎಸ್ ಪೆಟ್ಟಿಗೆ, ಎರಡು ಫೋನಿಗೆ ಎರಡು ಚಾರ್ಜರ್, ಗಾಜಿಗೆ ಅಂಟಿಸಿದ ಕ್ಯಾಮೆರಾ (ಡ್ಯಾಶ್‌ಕ್ಯಾಮ್), ಬಂಪರಿನ ಹಿಂದೆ ಜೋಡಿ ಹಾರ್ನ್. ಪಕ್ಕದ ಲೇನಿನಲ್ಲಿ ನಿಂತ ಬಿಳಿ ಬೋರ್ಡಿನ ಕಾರಿನಲ್ಲಿ ಇಷ್ಟೆಲ್ಲ ಇಲ್ಲದಿದ್ದರೂ ದೊಡ್ಡ ಪರದೆಯ ಸ್ಟೀರಿಯೊ, ರಿವರ್ಸ್ ಕ್ಯಾಮೆರಾ, ಕೆಲವೊಮ್ಮೆ ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಇರುತ್ತದೆ. ಪ್ರಯಾಣಿಕರನ್ನು ಸಾಗಿಸುವ ವಾಹನಗಳಿಗೆ ಜಿಪಿಎಸ್ ಮತ್ತು ತುರ್ತು ಗುಂಡಿಯನ್ನು ಕೇಂದ್ರ ಮೋಟಾರು ವಾಹನ ನಿಯಮ 125-ಎಚ್ ಮತ್ತು ಎಐಎಸ್ 140 ಮಾನಕ ಕಡ್ಡಾಯ ಮಾಡಿವೆ. ಉಳಿದದ್ದೆಲ್ಲ ಮಾಲೀಕರು ಇಷ್ಟಪಟ್ಟು ಹಾಕಿಸಿಕೊಂಡದ್ದು. ಎಲ್ಲಕ್ಕೂ ಬೇಕಾದ್ದು 12 ವೋಲ್ಟ್ ವಿದ್ಯುತ್. ಅದನ್ನು ಎಲ್ಲಿಂದ ತೆಗೆದರು, ಯಾವ ವೈರಿನಲ್ಲಿ ತಂದರು, ನಡುವೆ ಯಾವ ಫ್ಯೂಸ್ ಹಾಕಿದರು ಎಂದು ಕೇಳಿದರೆ ಹೇಳಬಲ್ಲ ಮಾಲೀಕರು ಕಡಿಮೆ.

ಡ್ಯಾಶ್‌ಕ್ಯಾಮಿಗೆ ಈ ಭಾಗದಲ್ಲಿ ಬೇಡಿಕೆ ಇರುವುದಕ್ಕೆ ಬಲವಾದ ಕಾರಣವಿದೆ. 2023ರ ಜನವರಿ ಕೊನೆಯಲ್ಲಿ ಸರ್ಜಾಪುರ ರಸ್ತೆಯ ಕಡೆ ನಡುರಾತ್ರಿ ಕಳೆದ ಹೊತ್ತಿನಲ್ಲಿ ದಂಪತಿಯ ಕಾರಿಗೆ ಬೇಕೆಂದೇ ಗುದ್ದಿ, ಅವರನ್ನು ಕಿಲೋಮೀಟರುಗಟ್ಟಲೆ ಬೆನ್ನಟ್ಟಿದವರು ಸಿಕ್ಕಿಬಿದ್ದದ್ದು ಕ್ಯಾಮೆರಾದಲ್ಲಿ ದಾಖಲಾದ ದೃಶ್ಯ ಹೊರಬಂದ ಮೇಲೆ. ಹಾಗಾಗಿ ಸಾಧನ ಬೇಡ ಎನ್ನುವ ಮಾತೇ ಇಲ್ಲ. ನೋಡಿಕೊಳ್ಳಬೇಕಾದ್ದು ಅದರ ಹಿಂದೆ ಓಡುವ ಎರಡು ತಂತಿಗಳನ್ನು.

ವೈರ್ ಹೇಗೆ ಎಳೆಯಬೇಕೆಂಬುದಕ್ಕೆ ಹತ್ತಿರದಲ್ಲೇ ಒಂದು ಮಾದರಿಯಿದೆ. ಸೇನಾ ವಿಮಾನಗಳ ಹಾರಾಟ ಯೋಗ್ಯತೆಯನ್ನು ಪ್ರಮಾಣೀಕರಿಸುವ ಡಿಆರ್‌ಡಿಒ ಸಂಸ್ಥೆ ಸೆಮಿಲ್ಯಾಕ್ ಇರುವುದು ಮಾರತ್ತಹಳ್ಳಿ ಕಾಲೊನಿಯಲ್ಲಿ. ಅಲ್ಲಿಂದ ಮುಂದೆ ಹೋದರೆ ವಿಮಾನ ತಯಾರಿಸುವ ಎಚ್‌ಎಎಲ್. ವಿಮಾನಕ್ಕೆ ಒಂದು ಹೊಸ ಉಪಕರಣ ಸೇರಿಸಬೇಕಾದರೆ ಅದು ಎಳೆಯುವ ಕರೆಂಟ್, ವೈರಿನ ದಪ್ಪ, ಅದು ಹಾದುಹೋಗುವ ದಾರಿ, ಅದನ್ನು ಕಾಯುವ ಬ್ರೇಕರ್ ಎಲ್ಲವೂ ಮೊದಲು ಕಾಗದದ ಮೇಲೆ ಬಂದು ಒಪ್ಪಿಗೆ ಪಡೆಯಬೇಕು. ಅದೇ ಊರಿನ ರಸ್ತೆ ಬದಿಯಲ್ಲಿ ಕಾರಿಗೆ ವೈರ್ ಎಳೆಯುವಾಗ ಅಷ್ಟೆಲ್ಲ ಸಾಧ್ಯವಿಲ್ಲ. ಆದರೆ ಆ ನಾಲ್ಕು ಪ್ರಶ್ನೆಗಳನ್ನು ಕೇಳುವುದಕ್ಕೆ ಹತ್ತು ನಿಮಿಷವೂ ಬೇಡ.

ಮೊದಲು ತಿಳಿಯಬೇಕಾದದ್ದು ಫ್ಯೂಸ್ ಯಾರನ್ನು ಕಾಯುತ್ತದೆ ಎಂಬುದು. ಸ್ಟೀರಿಯೊ ಸುಡದಿರಲಿ ಎಂದು ಫ್ಯೂಸ್ ಇದೆ ಎಂದೇ ಬಹಳ ಮಂದಿ ನಂಬಿದ್ದಾರೆ. ಕಾರಿನ ಫ್ಯೂಸ್ ಪೆಟ್ಟಿಗೆಯಲ್ಲಿರುವ ಫ್ಯೂಸಿನ ಮುಖ್ಯ ಕೆಲಸ ವೈರನ್ನು ಕಾಯುವುದು. ಬೆಳ್ಳಂದೂರು, ವರ್ತೂರು ಕೆರೆಗಳನ್ನು ಕಟ್ಟಿದವರು ಕೋಡಿಯ ಎತ್ತರವನ್ನು ಏರಿ ಎಷ್ಟು ನೀರು ತಡೆಯಬಲ್ಲದು ಎಂದು ನೋಡಿ ಇಟ್ಟರು. ಕೆಳಗಿನ ಗದ್ದೆಗೆ ಎಷ್ಟು ನೀರು ಬೇಕು ಎಂಬುದು ಬೇರೆ ಲೆಕ್ಕ. ಫ್ಯೂಸಿನದೂ ಹಾಗೆಯೇ: ವೈರ್ ತಡೆಯುವುದಕ್ಕಿಂತ ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸ್ ಹೋಗುವ ಮುಂಚೆ ವೈರೇ ಹೋಗುತ್ತದೆ.

ಸಣ್ಣ ಕಾರಿನ 35 ಆಂಪ್-ಅವರ್ ಬ್ಯಾಟರಿ 12 ವೋಲ್ಟ್ ಮಾತ್ರ, ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ. ಈ ಕಾರಣಕ್ಕೆ ಅದರ ಬಗ್ಗೆ ಭಯ ಕಡಿಮೆ. ಆದರೆ ಎಂಜಿನ್ ತಿರುಗಿಸಲು ನೂರಾರು ಆಂಪ್ ಕೊಡುವುದೇ ಆ ಬ್ಯಾಟರಿಯ ಕಸುಬು. 1 ಚದರ ಮಿಲಿಮೀಟರ್ ತಾಮ್ರದ ಎರಡು ಮೀಟರ್ ವೈರಿನ ರೋಧ ಸುಮಾರು 0.034 ಓಮ್. ಅದರ ಇನ್ನೊಂದು ತುದಿ ಸಿಪ್ಪೆ ಹರಿದು ಕಾರಿನ ಲೋಹದ ಮೈಗೆ ತಾಗಿತು ಎಂದುಕೊಳ್ಳಿ. ಬ್ಯಾಟರಿಯ ಒಳರೋಧ ಸೇರಿಸಿದರೂ 250 ಆಂಪಿಗೆ ಮೀರಿ ಹರಿಯಬಲ್ಲದು. ನಡುವೆ 10 ಆಂಪ್ ಫ್ಯೂಸ್ ಇದ್ದರೆ ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ಫ್ಯೂಸ್ ಇಲ್ಲದಿದ್ದರೆ ಕೆಲವೇ ಕ್ಷಣಗಳಲ್ಲಿ ತಾಮ್ರ ಕೆಂಪಾಗಿ, ಪಿವಿಸಿ ಹೊತ್ತಿಕೊಂಡು, ಪಕ್ಕದ ವೈರುಗಳ ಕಂತೆಗೂ ಬೆಂಕಿ ಹರಡುತ್ತದೆ.

ಇಂಥ ನೇರ ಶಾರ್ಟ್‌ಗಿಂತ ಮೋಸದ್ದು ಇನ್ನೊಂದಿದೆ, ಅದನ್ನು ಕೊಂಚ ನಿಧಾನವಾಗಿ ನೋಡಬೇಕು.

10 ಆಂಪ್ ಎಂದು ಬರೆದ ಫ್ಯೂಸ್ 10 ಆಂಪ್ ದಾಟಿದ ಕೂಡಲೇ ಹೋಗುವುದಿಲ್ಲ. ಬ್ಲೇಡ್ ಫ್ಯೂಸುಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 8820. ಪ್ರಮುಖ ತಯಾರಕರು ಪ್ರಕಟಿಸುವ ಕೋಷ್ಟಕದ ಪ್ರಕಾರ, ಬರೆದ ಅಂಕಿಯ ಶೇಕಡ 110ರಷ್ಟು ಕರೆಂಟನ್ನು ಫ್ಯೂಸ್ ಕನಿಷ್ಠ 100 ಗಂಟೆ ತಾಳಬೇಕು. ಶೇ 135ರಲ್ಲಿ ಮುಕ್ಕಾಲು ಸೆಕೆಂಡಿನಿಂದ 10 ನಿಮಿಷದೊಳಗೆ ಯಾವಾಗಲಾದರೂ ಹೋಗಬಹುದು. ಎರಡು ಪಟ್ಟಾದರೆ ಹೆಚ್ಚೆಂದರೆ 5 ಸೆಕೆಂಡ್. ಮೂರೂವರೆ ಪಟ್ಟಿಗೆ ಅರ್ಧ ಸೆಕೆಂಡಿನೊಳಗೆ. ಅಂದರೆ ದೊಡ್ಡ ತಪ್ಪಿಗೆ ಫ್ಯೂಸ್ ತಕ್ಷಣ ಹೋಗುತ್ತದೆ, ಸಣ್ಣ ಮಿತಿಮೀರಿಕೆಯನ್ನು ಬಹಳ ಹೊತ್ತು ಸಹಿಸಿಕೊಂಡಿರುತ್ತದೆ.

ಈಗ 1 ಚದರ ಮಿಲಿಮೀಟರ್ ವೈರಿಗೆ 10 ಆಂಪಿನ ಕೆಂಪು ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು ಯಾರೋ 30ರ ಹಸಿರು ಫ್ಯೂಸ್ ಸಿಕ್ಕಿಸಿದರು ಎನ್ನಿ. ಮೋಟಾರ್ ಜಾಮ್ ಆಗಿಯೋ, ವೈರ್ ಅರೆಬರೆ ಮೈಗೆ ತಾಗಿಯೋ 28 ಆಂಪ್ ಹರಿಯತೊಡಗಿತು. 30ರ ಫ್ಯೂಸಿಗೆ ಅದು ಸಹಜ ಹೊರೆ, ದಿನವಿಡೀ ಹಾಗೆಯೇ ಇರುತ್ತದೆ. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಂತೆ ಏರುವುದರಿಂದ, 10 ಆಂಪಿನಲ್ಲಿ ಮೀಟರಿಗೆ 1.7 ವ್ಯಾಟ್ ಇದ್ದದ್ದು ಇಲ್ಲಿ 13.5 ವ್ಯಾಟ್ ಆಗುತ್ತದೆ. ಬಾನೆಟ್ ಕೆಳಗಿನ ಬಿಸಿಯಲ್ಲಿ, ಹತ್ತಾರು ವೈರುಗಳ ಕಂತೆಯೊಳಗೆ, ಟೇಪು ಸುತ್ತಿದ ಜಾಗದಲ್ಲಿ ಅಷ್ಟು ಶಾಖ ಹೊರಹೋಗಲು ದಾರಿಯಿಲ್ಲ. ಸಿಪ್ಪೆ ಮೆತ್ತಗಾಗಿ, ಕರಗಿ, ಪಕ್ಕದ ವೈರಿಗೆ ಅಂಟಿಕೊಳ್ಳುತ್ತದೆ. ಈ ಹೊತ್ತಿಗೆಲ್ಲ ಫ್ಯೂಸ್ ಮಾತ್ರ ಗಟ್ಟಿಯಾಗಿ ಕೂತಿರುತ್ತದೆ.

ಫ್ಯೂಸ್ ಹೋದರೆ ದೊಡ್ಡದು ಹಾಕುವ ರೂಢಿ ನಮ್ಮಲ್ಲಿ ಮನೆಯಿಂದಲೇ ಬಂದದ್ದು. ಕೆಇಬಿ ಕಾಲದ ಪಿಂಗಾಣಿ ಕಿಟ್‌ಕ್ಯಾಟಿಗೆ ಒಂದೆಳೆ ತಂತಿ ಸುತ್ತುವ ಬದಲು ಎರಡೆಳೆ ಸುತ್ತಿದ ಮನೆಗಳೆಷ್ಟೋ. ಕಾರಿನ ಫ್ಯೂಸಿಗೆ ಸಿಗರೇಟ್ ಪೊಟ್ಟಣದ ಬೆಳ್ಳಿ ಹಾಳೆ ಸುತ್ತುವ ಕೈಚಳಕವೂ ಅದೇ ಮನೋಭಾವದ್ದು. ಫ್ಯೂಸ್ ಒಮ್ಮೆ ಹೋದರೆ ಅದೇ ಅಂಕಿಯದನ್ನು ಹಾಕಿ ನೋಡಬಹುದು. ಎರಡನೆಯದೂ ಹೋದರೆ ಎಲ್ಲೋ ತೊಂದರೆಯಿದೆ ಎಂದೇ ಅರ್ಥ. ಮೂರನೆಯದನ್ನು ಹಾಕುವ ಮೊದಲು ಅದನ್ನು ಹುಡುಕಬೇಕು.

ದೊಡ್ಡ ಫ್ಯೂಸ್ ಹಾಕುವ ಈ ರೂಢಿಗೆ ದಿನನಿತ್ಯದ ಉದಾಹರಣೆ ಟೈರಿಗೆ ಗಾಳಿ ತುಂಬುವ ಪುಟ್ಟ ಪಂಪು. ಕಾರಿನ 12 ವೋಲ್ಟ್ ಸಾಕೆಟ್ಟಿನ ಮುಚ್ಚಳದ ಮೇಲೆ ಸಾಮಾನ್ಯವಾಗಿ 120 ವ್ಯಾಟ್ ಎಂದು ಬರೆದಿರುತ್ತದೆ. 120ನ್ನು 12ರಿಂದ ಭಾಗಿಸಿದರೆ 10 ಆಂಪ್. ಆನ್‌ಲೈನಿನಲ್ಲಿ ತರಿಸಿದ ಪಂಪು 150 ವ್ಯಾಟಿನದಾದರೆ ಅದು ಕೇಳುವುದು ಹನ್ನೆರಡೂವರೆ ಆಂಪ್. ಫ್ಯೂಸ್ ಹೋದಾಗ 25ರದನ್ನು ಹಾಕಿದರೆ ಪಂಪೇನೋ ತಿರುಗುತ್ತದೆ. ಸಾಕೆಟ್ಟಿನ ಹಿಂದಿನ ಸಣ್ಣ ವೈರು ಮತ್ತು ಪ್ಲಾಸ್ಟಿಕ್ ಕಪ್ಲರ್ ಅಷ್ಟು ಹೊತ್ತು ಬೇಯುತ್ತಿರುತ್ತವೆ. ಆ ಪಂಪಿಗೆ ಬ್ಯಾಟರಿಗೇ ಕ್ಲಿಪ್ ಹಾಕುವ, ತನ್ನದೇ ಫ್ಯೂಸ್ ಇರುವ ವೈರ್ ಕೊಳ್ಳುವುದು ಸರಿಯಾದ ದಾರಿ.

ಹೊಸ ಸಾಧನಕ್ಕೆ ಫ್ಯೂಸ್ ಆರಿಸುವ ಲೆಕ್ಕ ಕಷ್ಟದ್ದಲ್ಲ. ವ್ಯಾಟನ್ನು 12ರಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. ಎಡೆಬಿಡದೆ ಓಡುವ ಹೊರೆ ಫ್ಯೂಸಿನ ಅಂಕಿಯ ಮುಕ್ಕಾಲು ಭಾಗದೊಳಗೆ ಇರಬೇಕು. ಹಾಗಾಗಿ ಬಂದ ಆಂಪನ್ನು 0.75ರಿಂದ ಭಾಗಿಸಿ, ಅದರ ಮೇಲಿನ ಮೊದಲ ಫ್ಯೂಸ್ ಆರಿಸಬೇಕು. ಆಮೇಲೆ ಆ ಫ್ಯೂಸನ್ನು ತಡೆಯಬಲ್ಲ ವೈರನ್ನು ಆರಿಸಬೇಕು. ಮೊದಲೇ ಎಳೆದ ವೈರ್ ಇದ್ದರೆ ಫ್ಯೂಸಿನ ಗರಿಷ್ಠ ಮಿತಿಯನ್ನು ಆ ವೈರೇ ನಿಗದಿ ಮಾಡುತ್ತದೆ, ಸಾಧನ ಎಷ್ಟೇ ಕೇಳಲಿ.

ಕಾರಿನೊಳಗಿನ ಬಿಸಿ ಮತ್ತು ಕಂತೆ ಕಟ್ಟುವ ಪದ್ಧತಿಯನ್ನು ಗಮನದಲ್ಲಿಟ್ಟುಕೊಂಡರೆ ತಾಮ್ರದ ವೈರಿಗೆ ಹೀಗೆ ಹೋಗುವುದು ಕ್ಷೇಮ: 0.5 ಚದರ ಮಿಲಿಮೀಟರಿಗೆ 5 ಆಂಪ್, 0.75ಕ್ಕೆ 7.5, 1ಕ್ಕೆ 10, 1.5ಕ್ಕೆ 15, 2.5ಕ್ಕೆ 20, 4ಕ್ಕೆ 30. ಬಣ್ಣಗಳು ನೆನಪಿದ್ದರೆ ಅಂಗಡಿಯಲ್ಲಿ ಕಣ್ಣಳತೆಯಲ್ಲೇ ತಿಳಿಯುತ್ತದೆ. 2 ಬೂದು, 3 ನೇರಳೆ, 5 ತಿಳಿಗಂದು, 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ, 25 ಬಣ್ಣವಿಲ್ಲದ್ದು, 30 ಹಸಿರು.

ಡ್ಯಾಶ್‌ಕ್ಯಾಮ್ ತೆಗೆದುಕೊಳ್ಳಿ. ಅದು ನುಂಗುವುದು ಸುಮಾರು 5 ವ್ಯಾಟ್, ಅರ್ಧ ಆಂಪಿಗೂ ಕಡಿಮೆ. ಅದರ ವೈರೂ ಕೂದಲಿನಷ್ಟು ತೆಳು. ಫ್ಯೂಸ್ ಪೆಟ್ಟಿಗೆಯಿಂದ ವಿದ್ಯುತ್ ತೆಗೆಯಲು ಬಳಸುವ ಫ್ಯೂಸ್ ಟ್ಯಾಪಿನ ಪೊಟ್ಟಣದಲ್ಲಿ 10 ಆಂಪಿನ ಫ್ಯೂಸ್ ಬರುವುದುಂಟು, ಹಾಕುವವರು ಅದನ್ನೇ ಸಿಕ್ಕಿಸಿ ಮುಗಿಸುತ್ತಾರೆ. ಅಲ್ಲಿ ಇರಬೇಕಾದದ್ದು 2 ಅಥವಾ 3 ಆಂಪಿನದು. ಜೋಡಿ ಹಾರ್ನಿನ ಮೇಲೆ ತಲಾ 5 ಆಂಪ್ ಎಂದಿದ್ದರೆ ಎರಡಕ್ಕೆ 10. 15ರ ಫ್ಯೂಸ್, 1.5ರ ವೈರು. 55 ವ್ಯಾಟಿನ ಎರಡು ಫಾಗ್ ಲ್ಯಾಂಪಿಗೆ 110 ವ್ಯಾಟ್, 9 ಆಂಪಿಗೆ ತುಸು ಹೆಚ್ಚು. ಇಲ್ಲೂ 15ರ ಫ್ಯೂಸ್, ಆದರೆ ದೂರ ಹೆಚ್ಚಾದ್ದರಿಂದ 2.5ರ ವೈರು ಒಳ್ಳೆಯದು.

ದೂರದ ಮಾತು ಬಂದದ್ದರಿಂದ ವೋಲ್ಟೇಜ್ ಇಳಿತವನ್ನೂ ನೋಡಬೇಕು. 10 ಆಂಪನ್ನು ಐದು ಮೀಟರ್ ದೂರ 0.75 ವೈರಿನಲ್ಲಿ ಒಯ್ದರೆ ದಾರಿಯಲ್ಲೇ 1.15 ವೋಲ್ಟ್ ಕಳೆದುಹೋಗುತ್ತದೆ. ಅದೇ 2.5ರಲ್ಲಿ 0.35 ವೋಲ್ಟ್ ಕೂಡ ದಾಟುವುದಿಲ್ಲ. ದೀಪ ಮಂಕಾಗಿದೆ, ಹಾರ್ನ್ ಸತ್ತ ದನಿಯಲ್ಲಿ ಕೂಗುತ್ತಿದೆ ಎಂದಾಗ ಸಾಧನವನ್ನು ಬೈಯುವ ಮೊದಲು ಈ ಲೆಕ್ಕ ಮಾಡಿ ನೋಡಬೇಕು.

ಆಂಪ್ಲಿಫೈಯರ್‌ನದು ಬೇರೆಯೇ ಮಟ್ಟ. ಡಬ್ಬಿಯ ಮೇಲೆ ಸಾವಿರಾರು ವ್ಯಾಟ್ ಎಂದು ಬರೆದ ಅಂಕಿಯನ್ನು ಬಿಟ್ಟು, ಅದರ ಮೈಯಲ್ಲೇ ಇರುವ ಫ್ಯೂಸುಗಳನ್ನು ಕೂಡಿಸಬೇಕು. 20ರ ಎರಡು ಫ್ಯೂಸಿದ್ದರೆ ಅದು ಹೆಚ್ಚೆಂದರೆ 40 ಆಂಪ್ ಎಳೆಯುವ ಸಾಧನ. ಅದಕ್ಕೆ 10 ಚದರ ಮಿಲಿಮೀಟರಿನ ತಾಮ್ರದ ಕೇಬಲ್, ಬ್ಯಾಟರಿಯ ಬಳಿ 50 ಆಂಪಿನ ಫ್ಯೂಸ್. ಈ ಬ್ಯಾಟರಿಯ ಬಳಿ ಎಂಬ ಮಾತೇ ಮುಖ್ಯ. ಆಂಪ್ಲಿಫೈಯರ್ ಮೈಯಲ್ಲಿ ಹೇಗಿದ್ದರೂ ಫ್ಯೂಸ್ ಇದೆಯಲ್ಲ ಎಂದು ಬ್ಯಾಟರಿಯಿಂದ ಡಿಕ್ಕಿಯವರೆಗೆ ಬರಿಯ ಕೇಬಲ್ ಎಳೆದವರಿದ್ದಾರೆ. ಆ ನಾಲ್ಕೈದು ಮೀಟರಿನಲ್ಲಿ ಎಲ್ಲಿ ಸಿಪ್ಪೆ ಹರಿದರೂ, ಸೀಟಿನ ಕಂಬಿಯ ಕೆಳಗೆ ಸಿಕ್ಕಿ ಜಜ್ಜಿಹೋದರೂ, ಡಿಕ್ಕಿಯಲ್ಲಿರುವ ಫ್ಯೂಸಿಗೆ ಅದು ತಿಳಿಯುವುದೇ ಇಲ್ಲ. ಕರೆಂಟ್ ಅಲ್ಲಿಯವರೆಗೆ ಬರುವುದೇ ಇಲ್ಲವಲ್ಲ. ಫ್ಯೂಸ್ ಯಾವಾಗಲೂ ವಿದ್ಯುತ್ ಹೊರಡುವ ಕಡೆ ಇರಬೇಕು. ಕಾರ್ ಆಡಿಯೊ ಕೆಲಸದವರು ಪಾಲಿಸುವ ಅಳತೆ ಬ್ಯಾಟರಿಯಿಂದ 18 ಇಂಚಿನೊಳಗೆ. ಅದಕ್ಕಿಂತ ಹತ್ತಿರ ಸಾಧ್ಯವಾದರೆ ಇನ್ನೂ ಒಳ್ಳೆಯದು.

ಸಣ್ಣ ಸಾಧನಗಳಿಗೆ ಬ್ಯಾಟರಿವರೆಗೆ ಹೋಗಬೇಕಿಲ್ಲ. ಸ್ಟೀರಿಂಗ್ ಕೆಳಗಿನ ಫ್ಯೂಸ್ ಪೆಟ್ಟಿಗೆಯಿಂದಲೇ ಫ್ಯೂಸ್ ಟ್ಯಾಪ್ ಮೂಲಕ ತೆಗೆಯಬಹುದು. ಇರುವ ಒಂದು ಫ್ಯೂಸನ್ನು ಕಿತ್ತು, ಆ ಜಾಗದಲ್ಲಿ ಟ್ಯಾಪ್ ಕೂರಿಸಿ, ಅದರ ಕೆಳಗಿನ ಮನೆಯಲ್ಲಿ ಹಳೆಯ ಫ್ಯೂಸನ್ನೂ ಮೇಲಿನದರಲ್ಲಿ ಹೊಸ ಸಾಧನದ ಫ್ಯೂಸನ್ನೂ ಹಾಕುವ ಏರ್ಪಾಡು ಇದು. ವೈರ್ ಕತ್ತರಿಸುವುದಿಲ್ಲ, ಬೇಡವೆಂದಾಗ ಕಿತ್ತು ಮೊದಲಿನಂತೆ ಮಾಡಬಹುದು. ಆದರೆ ಟ್ಯಾಪಿಗೂ ಒಂದು ಸರಿಯಾದ ದಿಕ್ಕಿದೆ. ಫ್ಯೂಸ್ ಕಿತ್ತ ಗುಂಡಿಯ ಎರಡು ಸೀಳುಗಳಲ್ಲಿ ಒಂದರಲ್ಲಿ ಮಾತ್ರ 12 ವೋಲ್ಟ್ ಬರುತ್ತಿರುತ್ತದೆ. ಮಲ್ಟಿಮೀಟರಿನಲ್ಲಿ ನೋಡಿದರೆ ತಿಳಿಯುತ್ತದೆ. ಟ್ಯಾಪಿನ ಎರಡು ಕಾಲುಗಳಲ್ಲಿ ಎರಡೂ ಫ್ಯೂಸಿಗೆ ಸೇರಿದ ಕಾಲು ಈ ಸೀಳಿನಲ್ಲಿ ಕೂರಬೇಕು. ತಿರುಗಿಸಿ ಹಾಕಿದರೂ ಸಾಧನ ಕೆಲಸ ಮಾಡುತ್ತದೆ, ಅದಕ್ಕೇ ಯಾರೂ ಗಮನಿಸುವುದಿಲ್ಲ. ಆಗ ಹೊಸದರ ಕರೆಂಟೂ ಹಳೆಯ ಫ್ಯೂಸಿನ ಮೂಲಕವೇ ಹರಿದು ಅದರ ಹೊರೆ ಹೆಚ್ಚುತ್ತದೆ.

ಅಳತೆಯನ್ನೂ ನೋಡಬೇಕು. ಸಾದಾ ಬ್ಲೇಡ್ ಫ್ಯೂಸ್ ಸುಮಾರು 19 ಮಿಲಿಮೀಟರ್ ಅಗಲ, ಮಿನಿ 11, ಮೈಕ್ರೊ-2 ಸುಮಾರು 9. ಮೈಕ್ರೊ-3ಕ್ಕೆ ಮೂರು ಕಾಲು. ಕಾಲು ಸಡಿಲವಾಗಿ ಕೂತರೆ ಆ ಜಾಗವೇ ಬಿಸಿಯಾಗಿ ಪೆಟ್ಟಿಗೆಯ ಪ್ಲಾಸ್ಟಿಕ್ ಕರಗುತ್ತದೆ. ಏರ್‌ಬ್ಯಾಗ್, ಎಬಿಎಸ್, ಎಲೆಕ್ಟ್ರಿಕ್ ಸ್ಟೀರಿಂಗ್, ಎಂಜಿನ್ ಕಂಪ್ಯೂಟರ್, ಇಂಧನ ಪಂಪು ಇವುಗಳ ಫ್ಯೂಸಿನಿಂದ ಏನನ್ನೂ ತೆಗೆಯಬಾರದು. ಚಾರ್ಜಿಂಗ್ ಸಾಕೆಟ್, ಆಡಿಯೊ, ಹಿಂಬದಿ ವೈಪರ್ ಇಂಥವುಗಳಿಂದ ತೆಗೆಯಬಹುದು. ಹಳದಿ ಕವಚದ ವೈರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಅದರ ಹತ್ತಿರ ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಒಯ್ಯಲೇಬಾರದು. ಎಲೆಕ್ಟ್ರಿಕ್ ಕಾರಿನಲ್ಲೂ ಇಂಥ ಸಾಧನಗಳಿಗೆ 12 ವೋಲ್ಟಿನ ಪುಟ್ಟ ಬ್ಯಾಟರಿ ಇದ್ದೇ ಇರುತ್ತದೆ, ನಿಯಮಗಳೆಲ್ಲ ಅವೇ. ಅಲ್ಲಿ ಕಿತ್ತಳೆ ಬಣ್ಣದ ಕೇಬಲ್ ಮಾತ್ರ ನೂರಾರು ವೋಲ್ಟಿನದು, ಅದು ತರಬೇತಿ ಪಡೆದವರಿಗೆ ಬಿಟ್ಟ ವಿಷಯ.

ಹಾರ್ನ್, ದೀಪಗಳಿಗೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಿಯಂತ್ರಿಸುವ ಸ್ವಿಚ್, ಬೇಕೇಬೇಕು. ಕಂಪನಿಯ ಹಾರ್ನ್ ವೈರಿಗೇ ಜೋಡಿ ಹಾರ್ನ್ ಸಿಕ್ಕಿಸಿ "ಡೈರೆಕ್ಟ್ ಕೊಟ್ಟಿದೀನಿ ಸಾರ್, ಏನೂ ಆಗಲ್ಲ" ಎನ್ನುವವರ ಮಾತನ್ನು ಒಪ್ಪಬಾರದು. ಆ ವೈರು ಒಂದು ಸಣ್ಣ ಹಾರ್ನಿಗೆ ಅಳೆದು ಹಾಕಿದ್ದು. ರಿಲೇಯ ಕಾಲುಗಳಿಗೆ ಜರ್ಮನಿಯ ಡಿಐಎನ್ ಮಾನಕದ ಅಂಕಿಗಳಿರುತ್ತವೆ, ಯಾವ ಕಂಪನಿಯದಾದರೂ ಅವೇ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರುವ ದಪ್ಪ ವೈರು, 87ರಿಂದ ಹಾರ್ನಿಗೆ, 86ಕ್ಕೆ ಹಳೆಯ ಹಾರ್ನಿನ ವೈರು, 85 ಕಾರಿನ ಲೋಹದ ಮೈಗೆ. ಹಳೆಯ ವೈರ್ ಈಗ ರಿಲೇಯ ಸುರುಳಿಯನ್ನಷ್ಟೇ ಎಬ್ಬಿಸುತ್ತದೆ, ಅದಕ್ಕೆ ಬೇಕಾದದ್ದು ಆಂಪಿನ ಐದನೇ ಒಂದು ಭಾಗದಷ್ಟು. ಭಾರವೆಲ್ಲ ಹೊಸ ವೈರಿನದು.

ದೀಪದ ವಿಷಯದಲ್ಲಿ ರಿಲೇ ಹಾಕಿದರೂ ಬಗೆಹರಿಯದ ತೊಂದರೆಗಳಿವೆ. ಎಚ್4 ಬಲ್ಬಿನ ಮೂಲ ಅಳತೆ 60/55 ವ್ಯಾಟ್. ಅದರ ಜಾಗಕ್ಕೆ 100/90 ಹಾಕಿದರೆ ಹೈ ಬೀಮಿನಲ್ಲಿ ಎರಡೂ ಸೇರಿ 10 ಆಂಪ್ ಇದ್ದದ್ದು ಸುಮಾರು ಹದಿನಾರೂ ಮುಕ್ಕಾಲಕ್ಕೆ ಏರುತ್ತದೆ. ಬಲ್ಬ್ ಹಿಡಿಯುವ ಪ್ಲಾಸ್ಟಿಕ್ ಕಪ್ಲರ್ ಕಪ್ಪಾಗಿ ಸೀಳುತ್ತದೆ. ಹ್ಯಾಲೊಜನ್ನಿಗೆಂದು ಮಾಡಿದ ಪ್ರತಿಫಲಕದಲ್ಲಿ ಎಲ್‌ಇಡಿ ಹಾಕಿದರೆ ಕರೆಂಟ್ ಕಡಿಮೆಯಾಗುತ್ತದೆ ನಿಜ, ಆದರೆ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಅಂಥ ದೀಪಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈನಿಂದ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 177ರಡಿ ಪ್ರಕರಣ ದಾಖಲಿಸುವುದಾಗಿ ಆಗಿನ ಎಡಿಜಿಪಿ ಅಲೋಕ್ ಕುಮಾರ್ ಪ್ರಕಟಿಸಿದ್ದರು.

ಫ್ಯೂಸು, ವೈರು ಸರಿಯಿದ್ದೂ ಕೆಡುವುದು ಕೂಡಿಸಿದ ಜಾಗದಲ್ಲಿ. ಹಳೆಯ ವೈರಿನ ಸಿಪ್ಪೆ ಸುಲಿದು, ಹೊಸದನ್ನು ಸುತ್ತಿ, ಕಪ್ಪು ಟೇಪು ಅಂಟಿಸುವುದು ಎಲ್ಲೆಡೆ ಕಾಣುವ ಪದ್ಧತಿ. ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಆ ಟೇಪಿನ ಅಂಟು ಕರಗಿ, ಟೇಪು ತಾನೇ ಬಿಚ್ಚಿಕೊಳ್ಳುತ್ತದೆ. ಒತ್ತಿ ಕೂರಿಸುವ ನೀಲಿ ಕ್ಲಿಪ್ಪುಗಳು ವೈರಿನ ಕೆಲವು ಎಳೆಗಳನ್ನು ಕತ್ತರಿಸುತ್ತವೆ, ತೇವ ಒಳಗೆ ಹೋಗಲು ದಾರಿ ಬಿಡುತ್ತವೆ. ಸರಿಯಾದ ಇಕ್ಕಳದಲ್ಲಿ ಒತ್ತಿದ ಕ್ರಿಂಪ್, ಅದರ ಮೇಲೆ ಒಳಗೆ ಅಂಟಿರುವ ಹೀಟ್ ಶ್ರಿಂಕ್, ಆಮೇಲೆ ಬಟ್ಟೆಯ ಟೇಪು: ಹೀಗೆ ಮಾಡಿದ್ದು ವರ್ಷಗಟ್ಟಲೆ ನಿಲ್ಲುತ್ತದೆ. ಕಾರಿನ ಮಾದರಿಗೇ ಮಾಡಿದ ಕಪ್ಲರ್ ಕಿಟ್ ಸಿಕ್ಕಿದರೆ ಅದಕ್ಕಿಂತ ಮೇಲು ಇನ್ನೊಂದಿಲ್ಲ.

ಈ ಭಾಗದ ಕಾರುಗಳಿಗೆ ನೀರಿನ ಕಾಟವೂ ಉಂಟು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಮಾರತ್ತಹಳ್ಳಿಯಿಂದ ಸಿಲ್ಕ್ ಬೋರ್ಡ್ ಕಡೆಗಿನ ಹೊರವರ್ತುಲ ರಸ್ತೆ, ಯಮಲೂರು, ಬೆಳ್ಳಂದೂರು ಎಲ್ಲ ಜಲಮಯವಾಗಿ ಕಾರುಗಳು ಸೀಟಿನ ಮಟ್ಟಕ್ಕೂ ಮೀರಿ ಮುಳುಗಿದ್ದವು. ನೆಲದ ಕಾರ್ಪೆಟ್ ಕೆಳಗೆ ಹಾಯಿಸಿದ ವೈರಿನ ಕೂಡುಗಳಲ್ಲಿ ಅಂಥ ನೀರು ಹೊಕ್ಕರೆ ಎಳೆಗಳ ಸಂದಿಯಲ್ಲಿ ಮೇಲಕ್ಕೇರಿ, ತಾಮ್ರ ಹಸಿರುಗಟ್ಟಿ, ತಿಂಗಳುಗಳ ಮೇಲೆ ರೋಧ ಹೆಚ್ಚಿಸುತ್ತದೆ. ಮುಳುಗಿ ಎದ್ದ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಾರ್ಪೆಟ್ ಎತ್ತಿ ಈ ಕೂಡುಗಳನ್ನು ನೋಡಲೇಬೇಕು. ಹೊಸದಾಗಿ ಹಾಕಿಸುವಾಗ ಕೂಡುಗಳು ನೆಲದಿಂದ ಮೇಲಿರಲಿ. ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಇಲಿಗಳು ವೈರ್ ಕಡಿಯುವುದು ಇನ್ನೊಂದು ಪೀಡೆ. ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕೊಳವೆಯೊಳಗೆ ಹಾಯಿಸಿದರೆ ಅಷ್ಟರ ಮಟ್ಟಿಗೆ ರಕ್ಷಣೆ.

ಎಂಜಿನ್ ಕೋಣೆಯಿಂದ ಒಳಗೆ ಬರುವ ಜಾಗದಲ್ಲಿ ರಬ್ಬರ್ ಗ್ರಾಮೆಟ್ ಇಲ್ಲದೆ ವೈರ್ ತೂರಿಸಿದರೆ ತಗಡಿನ ಅಂಚು ದಿನಕ್ಕಿಷ್ಟೆಂದು ಸಿಪ್ಪೆ ಕೊಯ್ಯುತ್ತದೆ. ಮುಂಗಾಜಿನ ಪಕ್ಕದ ಕಂಬದಲ್ಲಿ ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ ಡ್ಯಾಶ್‌ಕ್ಯಾಮಿನ ವೈರು ಅದರ ಹಿಂದಿನಿಂದ ಹೋಗಬೇಕು. ಎದುರಿನಿಂದ ಹಾದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಅಡ್ಡ ಬರುತ್ತದೆ. ಕೆಲಸ ಶುರುವಾಗುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು, ಎಲ್ಲ ಮುಗಿದ ಮೇಲೆ ಕೊನೆಗೆ ಅದನ್ನು ಹಾಕಬೇಕು. ಪಾಸಿಟಿವ್ ಮೊದಲು ಬಿಚ್ಚಹೋದರೆ ಸ್ಪ್ಯಾನರ್ ಕಾರಿನ ಮೈಗೆ ತಾಗಿದ ಕ್ಷಣವೇ ಶಾರ್ಟ್.

ಮಾಲು ಕೊಳ್ಳಲು ಬೆಂಗಳೂರಿಗರಿಗೆ ಕೊರತೆಯಿಲ್ಲ. ಆಕ್ಸೆಸರಿ, ಸ್ಟೀರಿಯೊ, ಹಾರ್ನಿಗೆ ಜೆಸಿ ರಸ್ತೆ. ರಿಲೇ, ಫ್ಯೂಸ್ ಹೋಲ್ಡರ್, ಹೀಟ್ ಶ್ರಿಂಕ್, ಮಲ್ಟಿಮೀಟರಿಗೆ ಎಸ್‌ಪಿ ರಸ್ತೆ. ಹಳೆಯ ಕಾರಿನಿಂದ ಬಿಚ್ಚಿದ ಮೂಲ ಕಪ್ಲರ್ ಬೇಕಾದರೆ ಶಿವಾಜಿನಗರದ ಗುಜರಿ ಅಂಗಡಿಗಳು. ಎಚ್ಚರ ಬೇಕಾದದ್ದು ಎರಡು ಕಡೆ. ನೂರು ಫ್ಯೂಸಿನ ಅಗ್ಗದ ಡಬ್ಬಿಗಳಲ್ಲಿ ಬರೆದ ಅಂಕಿಯ ಎರಡರಷ್ಟು ಕರೆಂಟಿಗೂ ಹೋಗದ ನಕಲಿಗಳು ಇರುತ್ತವೆ. ಹೆಸರಾಂತ ತಯಾರಕರ ಹತ್ತು ಫ್ಯೂಸ್ ಕೊಂಡರೆ ಕಾರಿನ ಆಯಸ್ಸಿಗೆ ಸಾಕು. ಎರಡನೆಯದು ಕೇಬಲ್. ಅಗ್ಗದ ಆಂಪ್ಲಿಫೈಯರ್ ಕಿಟ್ಟುಗಳಲ್ಲಿ ಬರುವುದು ಬಹುಪಾಲು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅದರ ವಾಹಕತೆ ತಾಮ್ರದ ಮೂರನೇ ಎರಡು ಭಾಗಕ್ಕೂ ಕಡಿಮೆ. ಒಂದೆಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಮನೆಯ ವೈರಿಂಗಿನ ತಂತಿಯನ್ನು ಕಾರಿಗೆ ಬಳಸುವುದೂ ಸಲ್ಲದು. ಅದರ ಸಿಪ್ಪೆ ಸಾಮಾನ್ಯವಾಗಿ 70 ಡಿಗ್ರಿಯವರೆಗಿನದು, ವಾಹನದ ವೈರುಗಳ ದರ್ಜೆ 85 ಡಿಗ್ರಿಯಿಂದ ಶುರುವಾಗುತ್ತದೆ. ಭಾರತದಲ್ಲಿ ವಾಹನದ ಕೇಬಲ್‌ಗೆಂದೇ ಐಎಸ್ 2465 ಮಾನಕವಿದೆ, ಸುರುಳಿಯ ಮೇಲೆ ಅದನ್ನು ಹುಡುಕಬೇಕು.

ಹಾಕಿಸಿದ ಮರುದಿನ ಒಂದೆರಡು ಪರೀಕ್ಷೆ ಮಾಡಿಕೊಳ್ಳಬೇಕು. ಸಾಧನ ಪೂರ್ತಿ ಓಡುವಾಗ ಫ್ಯೂಸ್ ಹೋಲ್ಡರ್, ಕೂಡುಗಳನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ತಪ್ಪಿದೆ. ರಾತ್ರಿ ನಿಲ್ಲಿಸಿದ ಕಾರಿನ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. ಡ್ಯಾಶ್‌ಕ್ಯಾಮಿನ ಪಾರ್ಕಿಂಗ್ ಮೋಡ್ 250 ಮಿಲಿಆಂಪ್ ಎಳೆಯುವುದಾದರೆ ದಿನಕ್ಕೆ 6 ಆಂಪ್-ಅವರ್. ಕಾರನ್ನು ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಬಿಟ್ಟು ಮೂರು ದಿನ ಊರಿಗೆ ಹೋಗಿ ಬಂದರೆ 35 ಆಂಪ್-ಅವರ್ ಬ್ಯಾಟರಿಯ ಅರ್ಧ ಮುಗಿದಿರುತ್ತದೆ. ಮನೆಯಿಂದಲೇ ಕೆಲಸ ಮಾಡುತ್ತ ವಾರಗಟ್ಟಲೆ ಕಾರು ತೆಗೆಯದವರು ಪಾರ್ಕಿಂಗ್ ಮೋಡ್ ಆರಿಸಿಡಬೇಕು, ಇಲ್ಲವೇ 12.2ಕ್ಕೆ ತಾನಾಗಿ ಕಡಿತವಾಗುವ ಕಿಟ್ ಹಾಕಿಸಬೇಕು.

ಬೆಂಕಿ ಹತ್ತಿದರೆ ಏನು ಮಾಡಬೇಕೆಂಬುದೂ ತಿಳಿದಿರಬೇಕು. ಕಾಸರಗೋಡಿನ ನೆರೆಯ ಕಣ್ಣೂರಿನಲ್ಲಿ 2023ರ ಫೆಬ್ರುವರಿ 2ರಂದು ಹೆರಿಗೆಗೆಂದು ಆಸ್ಪತ್ರೆಗೆ ಹೊರಟಿದ್ದ ಗರ್ಭಿಣಿ ಮತ್ತು ಆಕೆಯ ಪತಿ ಜಿಲ್ಲಾಸ್ಪತ್ರೆಯ ಸಮೀಪದಲ್ಲೇ ಕಾರಿಗೆ ಬೆಂಕಿ ಹತ್ತಿ ತೀರಿಕೊಂಡರು. ಮೋಟಾರು ವಾಹನ ಅಧಿಕಾರಿಗಳ ಮೊದಲ ಅನುಮಾನ ಶಾರ್ಟ್ ಸರ್ಕ್ಯೂಟ್ ಮೇಲೆ ಬಿತ್ತು. ಹಿಂದಿನ ಸೀಟಿನಲ್ಲಿದ್ದವರು ಪಾರಾದರು, ಮುಂದಿನ ಬಾಗಿಲು ತೆರೆಯಲಾಗಲಿಲ್ಲ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಎಲ್ಲಿಂದ ಎಂದು ಹುಡುಕುತ್ತ ಓಡಿಸಬಾರದು. ತಕ್ಷಣ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಬಾಗಿಲುಗಳ ಲಾಕ್ ತೆಗೆದು, ಎಲ್ಲರನ್ನೂ ಇಳಿಸಿ ದೂರ ಹೋಗಿ 112ಕ್ಕೆ ಕರೆ ಮಾಡಬೇಕು. ಬಾನೆಟ್ ಪೂರ್ತಿ ಎತ್ತಿದರೆ ಗಾಳಿ ನುಗ್ಗಿ ಬೆಂಕಿ ಭುಗಿಲೇಳುತ್ತದೆ. ಒಂದು ಕಿಲೋದ ಎಬಿಸಿ ಪುಡಿಯ ಅಗ್ನಿಶಾಮಕ ಚಾಲಕನ ಕೈಗೆ ಎಟುಕುವಂತಿದ್ದರೆ ಬೆಂಕಿ ಸಣ್ಣದಿರುವಾಗ ಕೆಲಸಕ್ಕೆ ಬರುತ್ತದೆ. ಆರಿದ ಮೇಲೆ ಮತ್ತೆ ಚಾಲೂ ಮಾಡದೆ ಎಳೆಸಿಕೊಂಡು ಹೋಗಬೇಕು.

ವಿಮೆಯ ಕಾಗದವನ್ನೂ ಒಮ್ಮೆ ಓದಬೇಕು. ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿ ಬೆಂಕಿಯ ನಷ್ಟವನ್ನು ತುಂಬಿಕೊಡುತ್ತದೆ, ಬರಿಯ ವಿದ್ಯುತ್ ದೋಷದಿಂದ ಕೆಟ್ಟುಹೋದದ್ದನ್ನು ತುಂಬಿಕೊಡುವುದಿಲ್ಲ. ಕಂಪನಿಯ ಮಾರಾಟ ಬೆಲೆಯಲ್ಲಿ ಸೇರದ ಸ್ಟೀರಿಯೊ, ಆಂಪ್ಲಿಫೈಯರ್‌ಗಳಿಗೆ ರಕ್ಷಣೆ ಬೇಕಾದರೆ ಐಎಂಟಿ 24 ಎಂಬ ಹೆಚ್ಚುವರಿ ಷರತ್ತನ್ನು ಪ್ರೀಮಿಯಂ ಕೊಟ್ಟು ಸೇರಿಸಿಕೊಳ್ಳಬೇಕು, ಹಾಕಿಸಿದ ವಿಷಯವನ್ನು ಬರಹದಲ್ಲಿ ತಿಳಿಸಬೇಕು. ಅದಕ್ಕೆ ಬಿಲ್ಲು ಬೇಕು. ಅಂಗಡಿಯವರಿಂದ ಬಿಲ್ಲು ಪಡೆಯುವಾಗಲೇ ಅದರ ಹಿಂದೆ ನಾಲ್ಕು ಸಾಲು ಬರೆಸಿಕೊಳ್ಳಬಹುದು: ಯಾವ ಫ್ಯೂಸಿನಿಂದ ತೆಗೆದದ್ದು, ಹೊಸ ಫ್ಯೂಸ್ ಎಷ್ಟು ಆಂಪಿನದು ಮತ್ತು ಎಲ್ಲಿದೆ, ವೈರು ಎಷ್ಟು ದಪ್ಪದ್ದು, ಯಾವ ಕಡೆಯಿಂದ ಹಾಯಿಸಿದ್ದು. ಅದರ ಒಂದು ಫೋಟೊ ಫೋನಿನಲ್ಲಿ, ಮೂಲ ಪ್ರತಿ ಗ್ಲೋವ್ ಬಾಕ್ಸಿನಲ್ಲಿ, ಜೊತೆಗೆ ಅದೇ ಅಂಕಿಯ ಎರಡು ಫ್ಯೂಸ್.